ಗಿರಾಕಿಯ ಸಾಕ್ಷಿ: ಮಲೆನಾಡಿನ ಸಣ್ಣ ವ್ಯಾಪಾರ ಮತ್ತು ನಂಬಿಕೆಯ ಇತಿಹಾಸ



ಸಾಗರದ ಪೇಟೆಗೆ ಹೊರಟ ನೆಂಟರಿಗೆ ಮನೆಯ ಹಿರಿಯರು ಹೇಳುವ ಮಾತೊಂದನ್ನು ನೀವೂ ಕೇಳಿರಬಹುದು. “ಇಂಥವರ ಅಂಗಡಿಗೇ ಹೋಗು, ನಮ್ಮ ಹೆಸರು ಹೇಳು.” ನೋಡಲು ಸಣ್ಣ ಮಾತು. ಆದರೆ ಇದರಲ್ಲಿ ಮೂರು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಅಂಗಡಿಯವನ ಸರಕು ಒಳ್ಳೆಯದೆಂದು ಹಳೆಯ ಗಿರಾಕಿ ಹೇಳುತ್ತಾನೆ. ಆ ಮಾತಿಗೆ ತನ್ನ ಹೆಸರನ್ನೇ ಒತ್ತೆ ಇಡುತ್ತಾನೆ. ಹೊಸ ಗಿರಾಕಿಗೆ ಮೋಸ ಮಾಡಿದರೆ ಹಳೆಯ ಗಿರಾಕಿಯೂ ಕೈತಪ್ಪುವನೆಂಬ ಎಚ್ಚರವನ್ನು ಅಂಗಡಿಯವನಿಗೆ ಕೊಡುತ್ತಾನೆ. ಒಂದು ಪೈಸೆಯ ಜಾಹೀರಾತಿಲ್ಲದೆ ಮಲೆನಾಡಿನ ಸಣ್ಣ ವ್ಯಾಪಾರ ತಲೆಮಾರುಗಳ ಕಾಲ ಬದುಕಿದ್ದು ಈ ಮಾತಿನ ಬಲದಿಂದ.

ಇಂದು ಅದೇ ಮಾತು ಮೊಬೈಲ್ ಫೋನಿನಲ್ಲಿ ಐದು ನಕ್ಷತ್ರಗಳಾಗಿ, ನಾಲ್ಕು ಸಾಲಿನ ಅಭಿಪ್ರಾಯವಾಗಿ ಕಾಣಿಸಿಕೊಳ್ಳುತ್ತಿದೆ. ಇದು ತೀರ ಹೊಸದು ಎಂದು ನಮಗೆ ಅನ್ನಿಸುವುದು ಸಹಜ. ಆದರೆ ಇದರ ಬೇರುಗಳು ಬಹಳ ಆಳದಲ್ಲಿವೆ. ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಇತಿಹಾಸದಲ್ಲಿ ಆ ಬೇರುಗಳನ್ನು ಹುಡುಕುವುದು ಈ ಲೇಖನದ ಉದ್ದೇಶ.

ಪ್ರಶಸ್ತಿ ಮತ್ತು ಸಾಕ್ಷಿ

ಹೊಸನಗರ ತಾಲ್ಲೂಕಿನ ಹುಂಚ ಅಥವಾ ಹೊಂಬುಜವು ಸಾಂತರ ಅರಸರ ರಾಜಧಾನಿಯಾಗಿತ್ತು. ಅಲ್ಲಿ ಕ್ರಿ.ಶ. 1062ರ ಕಾಲದಲ್ಲಿ ನೊಕ್ಕಯ್ಯ ಸೆಟ್ಟಿ ಎಂಬ ವರ್ತಕನಿದ್ದ. ‘ಪಟ್ಟಣಸ್ವಾಮಿ’ ಎಂಬುದು ಅವನಿಗಿದ್ದ ಬಿರುದು. ಅವನು ಕಟ್ಟಿಸಿದ ಬಸದಿಗೂ ಪಟ್ಟಣಸ್ವಾಮಿ ಜಿನಾಲಯವೆಂಬ ಹೆಸರೇ ಬಂತು. ವ್ಯಾಪಾರಿಯೊಬ್ಬನ ಹೆಸರು ಅರಸರ ಹೆಸರಿನ ಜೊತೆಯಲ್ಲಿ ಕಲ್ಲಿನ ಮೇಲೆ ಉಳಿದಿದೆ ಎಂದರೆ, ಆ ಕಾಲದ ಪಟ್ಟಣದಲ್ಲಿ ವರ್ತಕನ ಹೆಸರಿಗಿದ್ದ ಬೆಲೆಯನ್ನು ನಾವು ಊಹಿಸಬಹುದು.

ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಆಗ ದೊಡ್ಡ ವ್ಯಾಪಾರ ಕೇಂದ್ರ. ‘ಅಯ್ಯಾವೊಳೆ ಐನೂರ್ವರು’ ಎಂಬ ಪ್ರಸಿದ್ಧ ವರ್ತಕ ಸಂಘದ ಉಲ್ಲೇಖ ಈ ಸೀಮೆಯ ಶಾಸನಗಳಲ್ಲಿ ಬರುತ್ತದೆ. ಸಂಘವನ್ನು ಹೊಗಳುವ ಭಾಗದಲ್ಲಿ ಅದರ ಸದಸ್ಯರ ಸತ್ಯ, ಶುಚಿತ್ವ, ಸದಾಚಾರಗಳ ವರ್ಣನೆಯಿದೆ. ಅವರು ದೇಶ ದೇಶ ತಿರುಗಿ ವ್ಯಾಪಾರ ಮಾಡಿದ ಸಂಗತಿಯಿದೆ. ಇದನ್ನು ಆ ಕಾಲದ ಜಾಹೀರಾತು ಎಂದರೆ ತಪ್ಪಾಗಲಾರದು.

ನಮ್ಮ ಶಾಸನಗಳಲ್ಲಿ ಎರಡು ಬೇರೆ ಬೇರೆ ಭಾಗಗಳಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದು ಪ್ರಶಸ್ತಿ. ಅರಸನನ್ನೋ ದಾನಿಯನ್ನೋ ಸಂಘವನ್ನೋ ಹೊಗಳಿ ಬರೆದದ್ದು. ಬರೆಸಿದವರೂ ಸಾಮಾನ್ಯವಾಗಿ ಅವರೇ ಅಥವಾ ಅವರ ಕಡೆಯವರೇ. ಇನ್ನೊಂದು ಸಾಕ್ಷಿ. ಭೂಮಿಯನ್ನು ಕೊಟ್ಟಾಗ, ಮಾರಿದಾಗ ಅಲ್ಲಿ ನಿಂತು ನೋಡಿದವರ ಹೆಸರುಗಳು. ಕೆಲವು ಶಾಸನಗಳು ಸೂರ್ಯಚಂದ್ರರನ್ನೂ ಸಾಕ್ಷಿಯಾಗಿ ಕರೆಯುತ್ತವೆ. ಪ್ರಶಸ್ತಿಯನ್ನು ಓದಿ ಸಂತೋಷಪಡಬಹುದು. ಆದರೆ ಮುಂದೆ ತಕರಾರು ಬಂದರೆ ಕೆಲಸಕ್ಕೆ ಬರುವುದು ಸಾಕ್ಷಿಯೇ. ಗಿರಾಕಿಯ ಅಭಿಪ್ರಾಯವು ಈ ಎರಡರಲ್ಲಿ ಯಾವ ಜಾತಿಗೆ ಸೇರಬೇಕು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ವರಹದ ಮೇಲಿನ ನಂಬಿಕೆ

ಹದಿನಾರನೆಯ ಶತಮಾನದಿಂದ ಈ ಮೂರೂ ತಾಲ್ಲೂಕುಗಳು ಕೆಳದಿ ನಾಯಕರ ಆಳ್ವಿಕೆಯಲ್ಲಿದ್ದವು. ಕೆಳದಿ ಮತ್ತು ಇಕ್ಕೇರಿ ಇಂದಿನ ಸಾಗರ ತಾಲ್ಲೂಕಿನಲ್ಲಿವೆ. ಅನಂತರದ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಕವಲೇದುರ್ಗದ ಕೋಟೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಘಟ್ಟದ ಮೇಲಿನ ಮೆಣಸು, ಅಡಿಕೆಗಳು ಇಲ್ಲಿಂದ ಕರಾವಳಿಯ ಬಂದರುಗಳಿಗೆ ಇಳಿಯುತ್ತಿದ್ದವು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಮೆಣಸಿಗಾಗಿ ಕೆಳದಿಯ ಅರಸರ ಸಂಗಡ ವ್ಯವಹರಿಸಿದರು.

ಈ ವ್ಯಾಪಾರದಲ್ಲಿ ಹೆಸರು ಪಡೆದದ್ದು ಇಕ್ಕೇರಿ ವರಹ. ಶಿವಪಾರ್ವತಿಯರ ಚಿತ್ರವಿದ್ದ ಈ ಚಿನ್ನದ ನಾಣ್ಯವನ್ನು ಜನ ಮರುಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ. ಅರಸು ಬದಲಾಯಿತು, ಊರಿನ ಹೆಸರೂ ಹೈದರ್ ನಗರವಾಯಿತು. ಆದರೆ ಅವನು ಹೊರಡಿಸಿದ ಬಹದ್ದೂರಿ ವರಹದ ಒಂದು ಮುಖದಲ್ಲಿ ಶಿವಪಾರ್ವತಿಯರು ಹಾಗೆಯೇ ಉಳಿದರು. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲ ಪಾರಸಿ ಅಕ್ಷರ ಬಂತು. ಯುದ್ಧದಲ್ಲಿ ರಾಜ್ಯವನ್ನು ಗೆಲ್ಲಬಹುದು, ಆದರೆ ಪೇಟೆಯ ನಂಬಿಕೆಯನ್ನು ಹಾಗೆ ಗೆಲ್ಲಲಾಗದು. ಜನರ ಕೈ ಬಲ್ಲ ನಾಣ್ಯವನ್ನು ಬದಲಾಯಿಸದಿರುವುದೇ ಜಾಣತನವೆಂದು ಹೊಸ ಅರಸು ಕಂಡುಕೊಂಡಿದ್ದಿರಬೇಕು.

ಟಿಪ್ಪು ಸುಲ್ತಾನನ ಪತನದ ನಂತರ, 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಪ್ರದೇಶದಲ್ಲಿ ಸಂಚರಿಸಿದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಪ್ರವಾಸ ಕಥನದಲ್ಲಿ ಇಲ್ಲಿಯ ಬೆಳೆ, ಬೆಲೆಗಳ ವಿವರವಿದೆ. ಕೆಳದಿಯ ಅರಸೊತ್ತಿಗೆ ಅಳಿದು ಸುಮಾರು ನಾಲ್ಕು ದಶಕಗಳಾಗಿದ್ದರೂ ಅವನ ಲೆಕ್ಕದಲ್ಲಿ ಇಕ್ಕೇರಿ ವರಹ ಇನ್ನೂ ಜೀವಂತವಾಗಿದೆ. ಒಂದು ನಾಣ್ಯದ ಬಗ್ಗೆ ಸಾವಿರಾರು ಜನ ದಿನನಿತ್ಯ ಕೊಟ್ಟ ಮೌನಸಾಕ್ಷಿ ಅದನ್ನು ಅಚ್ಚು ಹಾಕಿದವರ ಅಧಿಕಾರಕ್ಕಿಂತ ಹೆಚ್ಚು ಕಾಲ ಬಾಳಿತು.

ಜಾತ್ರೆ, ಮಂಡಿ ಮತ್ತು ಕೊಳಗ

ಸಾಮಾನ್ಯ ಜನರ ವ್ಯಾಪಾರ ನಡೆದದ್ದು ಸಂತೆಯಲ್ಲಿ, ಜಾತ್ರೆಯಲ್ಲಿ. ತೀರ್ಥಹಳ್ಳಿಯಲ್ಲಿ ತುಂಗಾ ತೀರದ ರಾಮೇಶ್ವರ ದೇವರಿಗೆ ಎಳ್ಳಮಾವಾಸ್ಯೆಯ ಜಾತ್ರೆ ವರ್ಷಕ್ಕೊಮ್ಮೆ ನಡೆಯುತ್ತದೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಜಾತ್ರೆಗೆ ಬರುವ ಬಳೆಗಾರ, ಪಾತ್ರೆ ವ್ಯಾಪಾರಿ, ಮಿಠಾಯಿ ಅಂಗಡಿಯವ ಎಲ್ಲಿಂದಲೋ ಬಂದವರು. ಬಳೆ ಎರಡೇ ದಿನಕ್ಕೆ ಬಣ್ಣ ಬಿಟ್ಟರೆ ಗಿರಾಕಿ ಅವನನ್ನು ಹುಡುಕಿಕೊಂಡು ಹೋಗಲಾರಳು. ಆದರೆ ಅವನು ಮುಂದಿನ ಜಾತ್ರೆಗೆ ಮತ್ತೆ ಅದೇ ಜಾಗದಲ್ಲಿ ಅಂಗಡಿ ಹಾಕಬೇಕಲ್ಲ! ಅಷ್ಟರಲ್ಲಿ ಬಾವಿಕಟ್ಟೆಯಲ್ಲಿ, ಮದುವೆ ಮನೆಯಲ್ಲಿ, ಗದ್ದೆಯ ಬದುವಿನಲ್ಲಿ ಅವನ ಬಳೆಯ ವಿಚಾರ ಊರೆಲ್ಲ ಸುತ್ತಿರುತ್ತದೆ. ಮತ್ತೆ ಬರಲೇಬೇಕಾದ ವ್ಯಾಪಾರಿಗೆ ಊರಿನ ಬಾಯಿಯೇ ನ್ಯಾಯಾಲಯವಾಗಿತ್ತು.

ಅಡಿಕೆಯ ಕಥೆ ಸ್ವಲ್ಪ ಬೇರೆ. ಇಲ್ಲಿ ಬೆಳೆದ ಅಡಿಕೆಯನ್ನು ಅಗಿಯುವವರು ದೂರದ ರಾಜ್ಯಗಳಲ್ಲಿದ್ದಾರೆ. ತೋಟದವನ ಮುಖವನ್ನು ಅವರು ಎಂದೂ ನೋಡಿಲ್ಲ. ಹೀಗೆ ಬೆಳೆಗಾರನಿಗೂ ಬಳಕೆದಾರನಿಗೂ ನಡುವೆ ದೂರ ಬೆಳೆದಾಗ ಗುಣವನ್ನು ಹೇಳಲು ಬೇರೊಂದು ಭಾಷೆ ಬೇಕಾಯಿತು. ಹಸ, ಬೆಟ್ಟೆ, ರಾಶಿ ಇಡಿ, ಗೊರಬಲು ಎಂಬ ದರ್ಜೆಗಳು ಆ ಭಾಷೆಯ ಪದಗಳು. ಯಾವ ಹದದಲ್ಲಿ ಕೊಯ್ದದ್ದು, ಹೇಗೆ ಬೇಯಿಸಿದ್ದು, ಚೊಗರಿನ ಬಣ್ಣ ಹೇಗೆ ಹತ್ತಿದೆ ಎಂಬುದನ್ನು ಮಂಡಿಯಲ್ಲಿ ಕೂತವರು ಒಂದು ಹಿಡಿ ಅಡಿಕೆಯನ್ನು ಅಂಗೈಯಲ್ಲಿ ಹರಡಿ ಹೇಳಬಲ್ಲರು. 1939ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪನೆಯಾದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವು, ಅಂದರೆ ಮ್ಯಾಮ್ಕೋಸ್, ಬೆಳೆಗಾರರನ್ನು ಒಂದುಗೂಡಿಸಿತು. ಒಬ್ಬೊಬ್ಬ ಬೆಳೆಗಾರನ ಹೆಸರು ತಲುಪಲಾರದ ದೂರಕ್ಕೆ ಸಂಘದ ಹೆಸರು ತಲುಪಿತು.

ಆದರೆ ಹಳೆಯ ಕಾಲದ ನಂಬಿಕೆಯನ್ನು ಬರೀ ಚಿನ್ನದ ಬಣ್ಣದಲ್ಲಿ ಚಿತ್ರಿಸುವುದು ಇತಿಹಾಸಕ್ಕೆ ಅನ್ಯಾಯ. ಎಲ್ಲರ ಮಾತಿಗೂ ಒಂದೇ ತೂಕವಿರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವು ಆ ಹೋರಾಟದ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು. ಅಳತೆ ಸರಿಯಿಲ್ಲವೆಂದು ಅಳೆದು ಕೊಡುವವನಿಗೆ ಗೊತ್ತಿತ್ತು. ಆದರೆ ಅವನ ಸಾಕ್ಷಿಯನ್ನು ಕೇಳುವವರಿರಲಿಲ್ಲ. ಎಚ್. ಗಣಪತಿಯಪ್ಪನವರ ನಾಯಕತ್ವ, ಸಮಾಜವಾದಿಗಳ ಬೆಂಬಲ, ಡಾ. ರಾಮಮನೋಹರ ಲೋಹಿಯಾ ಅವರ ಆಗಮನ ಮತ್ತು ಬಂಧನ, ಇವುಗಳಿಂದ ಒಂದು ಹಳ್ಳಿಯ ಕೊಳಗದ ಪ್ರಶ್ನೆ ದೇಶಕ್ಕೆ ಕೇಳಿಸಿತು. ದುರ್ಬಲನ ಸಾಕ್ಷಿ ಕೇಳಿಸಬೇಕಾದರೆ ಅದಕ್ಕೊಂದು ವೇದಿಕೆ ಬೇಕು ಎಂಬುದು ಕಾಗೋಡಿನ ಪಾಠಗಳಲ್ಲಿ ಒಂದು.

ಗುಡಿಗಾರರ ಪೆಟ್ಟಿಗೆ

ಸಾಗರ ಮತ್ತು ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಮದುವೆಯ ಬಾಸಿಂಗ, ಬೆಂಡಿನ ಕೆಲಸ, ಮಣ್ಣಿನ ಗಣಪತಿ ಇವೂ ಅವರ ಕೈಯಲ್ಲೇ ಅರಳುತ್ತವೆ. ಊರಿನ ಗಿರಾಕಿಗೆ ಇವರು ಪರಿಚಿತರು. ಯಾರ ಮನೆಯ ಬಾಸಿಂಗ ಚೆನ್ನ, ಯಾರ ಗಣಪತಿಯ ಮುಖದಲ್ಲಿ ಕಳೆ ಇದೆ ಎಂಬುದನ್ನು ಜನರೇ ಮಾತನಾಡಿಕೊಳ್ಳುತ್ತಿದ್ದರು.

ಗಂಧದ ಪೆಟ್ಟಿಗೆಯ ಗಿರಾಕಿ ಮಾತ್ರ ಬೇರೆ ಊರಿನವನು, ಬೇರೆ ದೇಶದವನು. ಬಿ. ಎಲ್. ರೈಸ್ ಅವರು ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲಿ ಗುಡಿಗಾರರ ಕೆಲಸದ ಮೆಚ್ಚುಗೆಯ ವರ್ಣನೆಯಿದೆ. ಒಂದರೊಳಗೊಂದು ಹೆಣೆದುಕೊಂಡ ಬಳ್ಳಿ, ಎಲೆಗಳು, ಅವುಗಳ ನಡುವೆ ದೇವತಾ ಮೂರ್ತಿಗಳು, ಇಷ್ಟನ್ನೂ ಅಂಗೈಯಗಲದ ಮರದಲ್ಲಿ ತುಂಬುವ ಕೌಶಲ ನೋಡಿದವರನ್ನು ಬೆರಗುಗೊಳಿಸಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧವೆಂದರೆ ವಸ್ತುಪ್ರದರ್ಶನಗಳ ಯುಗ. 1851ರ ಲಂಡನ್ ಮಹಾಪ್ರದರ್ಶನದ ನಂತರ ಇಂಥ ಪ್ರದರ್ಶನಗಳು ಎಲ್ಲೆಡೆ ಏರ್ಪಟ್ಟವು. 1903ರ ದೆಹಲಿ ಪ್ರದರ್ಶನವನ್ನು ಕುರಿತು ಜಾರ್ಜ್ ವಾಟ್ ಸಿದ್ಧಪಡಿಸಿದ ಗ್ರಂಥದಲ್ಲಿ ಮೈಸೂರಿನ ಗಂಧದ ಕೆತ್ತನೆಗೂ ಸ್ಥಾನ ದೊರೆಯಿತು. ಪದಕ, ಪ್ರಮಾಣಪತ್ರಗಳೆಂದರೆ ಗಿರಾಕಿಯ ಮೆಚ್ಚುಗೆಯನ್ನು ಕಾಗದಕ್ಕೆ, ಲೋಹಕ್ಕೆ ಇಳಿಸಿದ ರೂಪವೇ ಸರಿ. ಬಾಯಿಮಾತು ಊರಿನ ಗಡಿಯಲ್ಲಿ ನಿಂತರೆ, ಇವು ಗಡಿಯನ್ನು ದಾಟಿದವು.

ಆದರೆ ಇಲ್ಲೊಂದು ನಷ್ಟವೂ ಆಯಿತು. ಪೆಟ್ಟಿಗೆ ಲೋಕಪ್ರಸಿದ್ಧವಾಯಿತು, ಅದು ಪಡೆದ ಹೆಸರು ಮಾತ್ರ ‘ಮೈಸೂರಿನ ಗಂಧದ ಕೆತ್ತನೆ’. ಕೆತ್ತಿದ ಕೈಯ ಹೆಸರು ಬಹುಪಾಲು ಹಿಂದೆ ಉಳಿಯಿತು. ಗಂಧದ ಮರ ಸರ್ಕಾರದ ಸ್ವತ್ತಾಗಿದ್ದುದರಿಂದ ಕುಶಲಕರ್ಮಿಗಳು ಮರಕ್ಕೂ ಸರ್ಕಾರವನ್ನೇ ಆಶ್ರಯಿಸಬೇಕಿತ್ತು. 1964ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ, ಕಾವೇರಿ ಮಳಿಗೆಗಳ ಮೂಲಕ ಮಾರಾಟಕ್ಕೆ ದೊಡ್ಡ ನೆರವಾಯಿತು. ಆದರೂ ಮಳಿಗೆಯಲ್ಲಿ ಆನೆಯ ಬೊಂಬೆ ಕೊಂಡು ಸಂತೋಷಪಟ್ಟವನ ಮಾತು ಸಾಗರದ ಓಣಿಯಲ್ಲಿ ಉಳಿ ಹಿಡಿದು ಕೂತವನಿಗೆ ಮುಟ್ಟುವ ದಾರಿ ಸುಲಭವಾಗಿರಲಿಲ್ಲ. ಮೆಚ್ಚುಗೆ ತಲುಪದ ಕಡೆ ಕುಶಲಕರ್ಮಿಗೆ ತನ್ನ ಕೆಲಸದ ನಿಜವಾದ ಬೆಲೆಯೂ ತಿಳಿಯುವುದಿಲ್ಲ.

ಚದುರಿದ ಊರುಗಳು, ಹೊಸ ದಾರಿಗಳು

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಯಿತು. ನಾಡಿಗೆ ಬೆಳಕು ಬಂತು. ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ನೀರಿನಡಿಗೆ ಹೋದವು. ಮುಳುಗಡೆಯ ಲೆಕ್ಕದಲ್ಲಿ ಎಕರೆ, ಮನೆ, ಮರಗಳು ಬರುತ್ತವೆ. ಯಾವ ಲೆಕ್ಕಕ್ಕೂ ಸಿಗದ ಒಂದು ಆಸ್ತಿಯೂ ಅಲ್ಲಿತ್ತು. ಕಮ್ಮಾರನ ಕತ್ತಿ ಎಷ್ಟು ಮಳೆಗಾಲ ಬಾಳುತ್ತದೆ, ಯಾರ ಅಂಗಡಿಯ ತೂಕ ಸರಿ ಎಂದು ಬಲ್ಲ ನೆರೆಹೊರೆಯೇ ಆ ಆಸ್ತಿ. ಜನ ದಿಕ್ಕು ದಿಕ್ಕಿಗೆ ಹೋದಾಗ ಅದೂ ಚದುರಿತು. ಹೊಸ ಊರಿಗೆ ಹೋದ ಕಮ್ಮಾರ ತನ್ನ ಕುಲುಮೆಯನ್ನು ಹೊತ್ತೊಯ್ಯಬಹುದು, ಮೂವತ್ತು ವರ್ಷದ ಒಳ್ಳೆಯ ಹೆಸರನ್ನು ಹೊತ್ತೊಯ್ಯಲಾರ.

ಹೆಸರು ಬೆಳೆಯಲು ಹೊಸ ದಾರಿಗಳೂ ತೆರೆದವು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಚಿತ್ರೀಕರಣ ನಡೆಯಿತು. 1986ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ತೆರೆಯ ಮೇಲೆ ಕಂಡ ಮನೆಯನ್ನು ನೋಡಲು ಜನ ಆಗುಂಬೆಗೆ ಬರತೊಡಗಿದರು. ಹಾಗೆ ಬಂದವರು ಊಟ ಮಾಡಿ, ತಂಗಿ, ಹಿಂತಿರುಗಿ ಇತರರಿಗೆ ಹೇಳಿದರು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಸಮೀಪ, ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ‘ಚರಕ’ ಎಂಬ ಮಹಿಳಾ ಸಹಕಾರ ಸಂಘ ಹುಟ್ಟಿ, ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಗಳನ್ನು ‘ದೇಸಿ’ ಅಂಗಡಿಗಳ ಮೂಲಕ ನಗರಕ್ಕೆ ತಲುಪಿಸಿತು. ಅಡಿಕೆಯ ಚೊಗರೂ ಅಲ್ಲಿ ಬಟ್ಟೆಯ ಬಣ್ಣವಾಯಿತು. ಇಂಥ ಜುಬ್ಬಾ ತೊಟ್ಟವನನ್ನು ಗೆಳೆಯರು “ಎಲ್ಲಿ ತಗೊಂಡೆ?” ಎಂದು ಕೇಳಿದರೆ, ಅವನು ಕೊಡುವ ಉತ್ತರವೇ ನೇಯ್ದವಳಿಗೆ ಸಿಗುವ ಜಾಹೀರಾತು.

ಬೆರಳ ತುದಿಯ ಮಾತು

1995ರ ಆಗಸ್ಟ್ 15ರಂದು ಭಾರತದಲ್ಲಿ ಇಂಟರ್‌ನೆಟ್ ಸೇವೆ ಸಾರ್ವಜನಿಕರಿಗೆ ದೊರೆಯಿತು. ಸುಮಾರು ಅದೇ ಕಾಲದಲ್ಲಿ ಅಮೆರಿಕದಲ್ಲಿ ಹೊಸ ಪ್ರಯೋಗಗಳು ನಡೆದಿದ್ದವು. ಪುಸ್ತಕ ಮಾರುತ್ತಿದ್ದ ಅಮೆಜಾನ್ 1995ರಲ್ಲೇ ಓದುಗರ ಅಭಿಪ್ರಾಯಗಳಿಗೆ ಜಾಗ ಕೊಟ್ಟಿತು. 1996ರಲ್ಲಿ ಇಬೇ ಎಂಬ ಮಾರಾಟ ಸಂಸ್ಥೆಯು, ಪರಸ್ಪರ ಮುಖ ಕಾಣದ ಮಾರುವವರೂ ಕೊಳ್ಳುವವರೂ ಒಬ್ಬರನ್ನೊಬ್ಬರು ಕುರಿತು ಬರೆಯುವ ವ್ಯವಸ್ಥೆ ಮಾಡಿತು. ಜಾತ್ರೆಯ ಬಳೆಗಾರನ ಸಮಸ್ಯೆಯೇ ಅಲ್ಲಿಯೂ ಇತ್ತು, ಅಲ್ಲವೇ? ಎಲ್ಲಿಂದಲೋ ಬಂದವನನ್ನು ಹೇಗೆ ನಂಬುವುದು? ಬಾವಿಕಟ್ಟೆಯ ಮಾತನ್ನೇ ಯಂತ್ರದೊಳಕ್ಕೆ ತಂದು ಅವರು ಅದಕ್ಕೆ ಪರಿಹಾರ ಕಂಡುಕೊಂಡರು.

ಈಗ ಹೊಸನಗರದ ಒಬ್ಬ ಗೃಹಿಣಿ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾಳೆಂದು ಭಾವಿಸಿ. ನೂರು ಜನ ಕೊಳ್ಳುತ್ತಾರೆ. ತೊಂಬತ್ತೆಂಟು ಮಂದಿ ಚಪ್ಪರಿಸಿ ಉಂಡು ಸುಮ್ಮನಿರುತ್ತಾರೆ. ಒಬ್ಬರಿಗೆ ಬಾಟಲಿ ಒಡೆದು ತಲುಪುತ್ತದೆ, ಇನ್ನೊಬ್ಬರಿಗೆ ಉಪ್ಪು ಹೆಚ್ಚೆನಿಸುತ್ತದೆ. ಆ ಇಬ್ಬರು ಬರೆಯುತ್ತಾರೆ. ಹೊಸ ಗಿರಾಕಿಗೆ ಕಾಣುವುದು ಆ ಎರಡು ಮಾತು ಮಾತ್ರ. ದೂರು ಬರೆದವರು ತಪ್ಪು ಮಾಡಲಿಲ್ಲ, ಅವರದೂ ಸಾಕ್ಷಿಯೇ. ಕೊರತೆ ಇರುವುದು ತೃಪ್ತರಾದವರ ಮೌನದಲ್ಲಿ. ದೊಡ್ಡ ಕಂಪನಿ ಈ ಮೌನವನ್ನು ಜಾಹೀರಾತಿನ ಹಣದಿಂದ ತುಂಬಿಕೊಳ್ಳುತ್ತದೆ. ಮನೆಯಲ್ಲೇ ಉಪ್ಪಿನಕಾಯಿ ಹಾಕುವವಳಿಗೆ ಆ ಹಣ ಎಲ್ಲಿದೆ? ಆದ್ದರಿಂದ “ನಿಮಗೆ ರುಚಿಸಿದರೆ ನಾಲ್ಕು ಮಾತು ಬರೆಯಿರಿ, ಕೊರತೆಯಿದ್ದರೆ ಅದನ್ನೂ ಬರೆಯಿರಿ” ಎಂದು ಆಕೆ ಕೇಳುವುದು ನಾಚಿಕೆಯ ವಿಷಯವಲ್ಲ. ಕೇಳಲು ಸರಿಯಾದ ಸಮಯವೆಂದರೆ ಗಿರಾಕಿ ಎರಡನೆಯ ಬಾರಿ ಕೊಳ್ಳಲು ಬಂದಾಗ. ಮರಳಿ ಬಂದವನ ಮಾತಿಗೆ ತೂಕ ಹೆಚ್ಚು.

ಆದರೆ ಕೇಳುವುದಕ್ಕೂ ಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಹೊಗಳಿ ಬರೆದವರಿಗೆ ಬೆಲೆಯಲ್ಲಿ ರಿಯಾಯಿತಿ, ನೆಂಟರಿಂದ ಸುಳ್ಳು ಮೆಚ್ಚುಗೆ, ಹಣ ಕೊಟ್ಟು ಬರೆಸಿದ ನೂರು ನಕ್ಷತ್ರ, ಇವೆಲ್ಲ ಸಾಕ್ಷಿಯ ವೇಷ ಹಾಕಿದ ಪ್ರಶಸ್ತಿಗಳು. ಕಾನೂನು ಕೂಡ ಇದನ್ನು ಗಮನಿಸಿದೆ. ನಮ್ಮ ದೇಶದಲ್ಲಿ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆ 1986ರಲ್ಲಿ ಬಂತು. ಅದರ ಸ್ಥಾನದಲ್ಲಿ 2019ರ ಕಾಯ್ದೆ ಬಂದಿದೆ. ಅದರಡಿ 2020ರಲ್ಲಿ ರಚಿಸಿದ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರನು ತಾನೇ ಗ್ರಾಹಕನೆಂದು ಸುಳ್ಳು ಹೇಳಿ ತನ್ನ ಸರಕಿನ ಬಗ್ಗೆ ಅಭಿಪ್ರಾಯ ಬರೆಯುವಂತಿಲ್ಲ. 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಸಂಸ್ಥೆಯು ಇಂಥ ಅಭಿಪ್ರಾಯಗಳಿಗಾಗಿಯೇ ಐಎಸ್ 19000 ಎಂಬ ಮಾನದಂಡವನ್ನು ಹೊರತಂದಿತು. ಬರೆದವರು ನಿಜವಾದ ವ್ಯಕ್ತಿಗಳೇ ಎಂದು ಪರಿಶೀಲಿಸಬೇಕು, ಹಣ ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು ಎಂಬುದು ಅದರ ಆಶಯ. ಶಾಸನದಲ್ಲಿ ಸಾಕ್ಷಿಗಳ ಹೆಸರನ್ನು ಕೆತ್ತಿಸುತ್ತಿದ್ದುದಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ನೀವೇ ಗುರುತಿಸಬಲ್ಲಿರಿ.

ನಿಮ್ಮ ಪಾಲಿನ ಕೆಲಸ

ಒಳ್ಳೆಯ ಸಾಕ್ಷಿಯ ಲಕ್ಷಣಗಳು ಕೆಲವೇ. ಏನನ್ನು ಕೊಂಡಿರಿ, ಯಾವಾಗ ಕೊಂಡಿರಿ ಎಂಬುದನ್ನು ಹೇಳಿ. “ತುಂಬಾ ಚೆನ್ನಾಗಿದೆ” ಎಂಬ ಮಾತಿಗಿಂತ “ಎರಡು ಮಳೆಗಾಲ ಕಳೆದರೂ ಕೊಡೆಯ ಕಡ್ಡಿ ಬಾಗಿಲ್ಲ” ಎಂಬ ಮಾತು ಹೆಚ್ಚು ಉಪಯುಕ್ತ. ತಯಾರಿಸಿದವರ ಹೆಸರನ್ನು ಅವರ ಒಪ್ಪಿಗೆಯಿದ್ದರೆ ಬರೆಯಿರಿ. ಕುಂದು ಕಂಡರೆ ಅದನ್ನೂ ಬರೆಯಿರಿ. ಬರೆಯುವ ಮೊದಲು ಒಮ್ಮೆ ಅಂಗಡಿಯವರಿಗೆ ತಿಳಿಸಿದರೆ ಅವರಿಗೆ ತಿದ್ದಿಕೊಳ್ಳುವ ಅವಕಾಶ ಸಿಗುತ್ತದೆ. ಕನ್ನಡದಲ್ಲೇ ಬರೆಯಿರಿ, ಆಗ ಅದು ಕೊಳ್ಳುವವರಿಗೆ ಮಾತ್ರವಲ್ಲ, ತಯಾರಿಸಿದವರಿಗೂ ಅರ್ಥವಾಗುತ್ತದೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಇನ್ನೂ ಒಂದು ಕೆಲಸವಿದೆ. ನಿಮ್ಮ ಊರಿನ ಹಳೆಯ ಅಂಗಡಿಯೊಂದಕ್ಕೆ ಹೋಗಿ, ಯಜಮಾನರನ್ನು ಮಾತನಾಡಿಸಿ. ಮೊದಲ ಗಿರಾಕಿಗಳು ಯಾರು, ಅವರು ಯಾರ ಮಾತು ಕೇಳಿ ಬಂದರು, ಕೆಟ್ಟ ಹೆಸರು ಬಂದಾಗ ಏನು ಮಾಡಿದರು ಎಂದು ವಿಚಾರಿಸಿ ಬರೆದಿಡಿ. ಅರಸರ ಪ್ರಶಸ್ತಿಗಳು ಕಲ್ಲಿನಲ್ಲಿ ಉಳಿದಿವೆ. ಬಾಸಿಂಗ ಕಟ್ಟಿದವರ, ಕತ್ತಿ ಹಣಿದವರ, ಉಪ್ಪಿನಕಾಯಿ ಹಾಕಿದವರ ಸಾಕ್ಷಿಗಳನ್ನು ಯಾರೂ ಕೆತ್ತಿಸಲಿಲ್ಲ. ಅವರನ್ನು ಬಲ್ಲ ಗಿರಾಕಿಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಆ ಮಾತುಗಳನ್ನು ಕೇಳಿ ಬರೆದುಕೊಳ್ಳಬೇಕಾಗಿದೆ.